ನದೀತೀರದ ಫ್ರೆಂಚ್ ಪಟ್ಟಣ: ಚಂದನನಗರ

ಪ್ಲಾಸಿ ಕದನ ನಡೆದದ್ದು 1757ನೆಯ ಇಸವಿಯ ಜೂನ್ 23ರಂದು ಎಂಬುದನ್ನು ಇತಿಹಾಸದ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಅದಕ್ಕೆ ಸರಿಯಾಗಿ ಮೂರು ತಿಂಗಳು ಮೊದಲು, ಮಾರ್ಚ್ 23ರಂದು, ಅದೇ ಬಂಗಾಳದಲ್ಲಿ, ಅದೇ ನದಿಯ ದಡದಲ್ಲಿ ಇನ್ನೊಂದು ಕಾಳಗ ನಡೆಯಿತು. ಇದರ ಪ್ರಸ್ತಾಪ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಇಲ್ಲವೆ ಬರುವುದೇ ಇಲ್ಲ. ಆ ಕಾಳಗದಲ್ಲಿ ಬಿದ್ದ ಊರೇ ಚಂದನನಗರ. ಭಾರತದಲ್ಲಿ ಫ್ರೆಂಚರ ಆಳ್ವಿಕೆ ಎಂದೊಡನೆ ನಮಗೆ ನೆನಪಾಗುವುದು ಪುದುಚೇರಿ. ನಮ್ಮ ಕರಾವಳಿಯವರಿಗೆ ಹೆಚ್ಚೆಂದರೆ ಕೇರಳದ ತೀರದಲ್ಲಿರುವ ಮಾಹೆ. ಅವರ ಕೈಯಲ್ಲಿ ಉಳಿದಿದ್ದ ಐದು ನೆಲೆಗಳಲ್ಲಿ ಒಂದು ಮಾತ್ರ ಸಮುದ್ರದಿಂದ ಬಹುದೂರ ಒಳಗೆ, ಗಂಗೆಯ ಕವಲೊಂದರ ದಡದಲ್ಲಿ, ಸುತ್ತಲೂ ಇಂಗ್ಲಿಷರ ನೆಲವೇ ಇರುವಲ್ಲಿ ಇತ್ತು ಎಂಬುದನ್ನು ಬಲ್ಲವರು ಕಡಿಮೆ.

ಪಶ್ಚಿಮ ಬಂಗಾಳದ ಭೂಪಟವನ್ನು ಬಿಡಿಸಿ ನೋಡಿದರೆ ಕೋಲ್ಕತ್ತ ನಗರದಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಹೂಗ್ಲಿ ನದಿಯ ಪಶ್ಚಿಮ ದಡದಲ್ಲಿ ಈ ಊರು ಕಾಣುತ್ತದೆ. ಹೂಗ್ಲಿ ಎಂಬುದು ಭೂಗೋಳದ ಹೆಸರು. ಅಲ್ಲಿನ ಜನರ ಬಾಯಲ್ಲಿ ಅದು ಇಂದಿಗೂ ಗಂಗೆಯೇ. ಈ ನದಿಯ ದಡದಲ್ಲಿ ಕೆಲವೇ ಹರಿದಾರಿಗಳ ಅಂತರದಲ್ಲಿ ಯೂರೋಪಿನ ಹಲವು ರಾಷ್ಟ್ರಗಳು ಒಂದೊಂದು ಊರನ್ನು ಹಿಡಿದು ಕುಳಿತಿದ್ದವು. ಮೇಲಿನಿಂದ ಕೆಳಗೆ ಬರುತ್ತ ಹೋದರೆ ಮೊದಲು ಬ್ಯಾಂಡೆಲ್ ಮತ್ತು ಹೂಗ್ಲಿ, ಅದು ಪೋರ್ಚುಗೀಸರದು. ಬಳಿಕ ಡಚ್ಚರ ಚಿಂಚುರ. ಅನಂತರ ಫ್ರೆಂಚರ ಚಂದನನಗರ. ಇನ್ನೂ ಕೆಳಗೆ ಡೆನ್ಮಾರ್ಕಿನವರ ಶ್ರೀರಾಮಪುರ. ಕೊನೆಗೆ ಇಂಗ್ಲಿಷರ ಕಲ್ಕತ್ತ. ಬೆಳಗ್ಗೆ ದೋಣಿ ಹತ್ತಿದ ಬೆಸ್ತರವನು ಸಂಜೆಯೊಳಗೆ ಅರ್ಧ ಯೂರೋಪನ್ನು ಸುತ್ತಿ ಬರಬಹುದಾಗಿತ್ತು ಎಂದರೆ ಅದು ಬರಿಯ ವಿನೋದದ ಮಾತಲ್ಲ.

ಇವರೆಲ್ಲರೂ ಇಲ್ಲಿಗೇ ಏಕೆ ಬಂದರು? ಕಾರಣ ನದಿಯಲ್ಲಿಯೇ ಇದೆ. ಹಳೆಯ ಕಾಲದಲ್ಲಿ ಬಂಗಾಳದ ಮುಖ್ಯ ರೇವು ಸಪ್ತಗ್ರಾಮ. ಅದು ಸರಸ್ವತಿ ಎಂಬ ಬೇರೊಂದು ಕವಲಿನ ದಡದಲ್ಲಿತ್ತು. ಹದಿನಾರನೆಯ ಶತಮಾನದ ಹೊತ್ತಿಗೆ ಆ ಕವಲು ಹೂಳು ತುಂಬಿ ಸೊರಗಿತು. ನೀರು ಹೂಗ್ಲಿಯ ಪಾತ್ರದಲ್ಲಿ ಹರಿಯತೊಡಗಿತು. ನೀರು ಹೋದಲ್ಲಿಗೆ ವ್ಯಾಪಾರವೂ ಹೋಯಿತು. ಬಿಹಾರದ ಪೆಟ್ಲುಪ್ಪು, ಬಂಗಾಳದ ರೇಷ್ಮೆ ಮತ್ತು ನವುರಾದ ಹತ್ತಿಬಟ್ಟೆ, ಅಕ್ಕಿ, ಸಕ್ಕರೆ, ಅಫೀಮು ಇವೆಲ್ಲ ದೋಣಿಗಳಲ್ಲಿ ಮೇಲಿನಿಂದ ತೇಲಿಬರುತ್ತಿದ್ದವು. ಇತ್ತ ಸಮುದ್ರದ ಉಬ್ಬರ ನದಿಯೊಳಗೆ ಬಹುದೂರ ಏರುತ್ತದೆಯಾದ್ದರಿಂದ ಅದರ ಬೆನ್ನೇರಿ ಹಾಯಿಹಡಗುಗಳು ಕೆಳಗಿನಿಂದ ಬರಬಹುದಾಗಿತ್ತು. ಮೇಲಿನ ದೋಣಿಯೂ ಕೆಳಗಿನ ಹಡಗೂ ಸಂಧಿಸುವ ಸ್ಥಳ ಇದು. ಪೆಟ್ಲುಪ್ಪು ಎಂದರೆ ಕೋವಿಮದ್ದಿಗೆ ಬೇಕಾದ ವಸ್ತು. ಸದಾ ಒಬ್ಬರೊಡನೊಬ್ಬರು ಕಾದಾಡುತ್ತಿದ್ದ ಯೂರೋಪಿನ ಅರಸರಿಗೆ ಅದು ಎಷ್ಟಿದ್ದರೂ ಸಾಲದು.

ಫ್ರೆಂಚರು ಮೊದಲು ಇಲ್ಲಿಗೆ ಬಂದು ಜಾಗ ಪಡೆದದ್ದು 1673ರಲ್ಲಿ. ಅವರ ನೆಲೆ ಗಟ್ಟಿಯಾದದ್ದು 1688ರಲ್ಲಿ, ಔರಂಗಜೇಬನ ಕಾಲದಲ್ಲಿ ಮೊಗಲರ ಅನುಮತಿ ದೊರೆತ ಮೇಲೆ. ಆಗ ಇಲ್ಲಿ ಮುಖ್ಯಸ್ಥನಾಗಿದ್ದವನು ದೆಲಾಂದ್ ಎಂಬುವನು. ಪುದುಚೇರಿಯನ್ನು ಕಟ್ಟಿದ ಫ್ರಾನ್ಸ್ವಾ ಮಾರ್ತೆನ ಅಳಿಯ. ಕೆಲವು ವರ್ಷಗಳಲ್ಲಿ ನದಿಯ ದಡದಲ್ಲಿ ಓರ್ಲಿಯಾನ್ ಎಂಬ ಕೋಟೆ ಎದ್ದಿತು.

ಊರಿನ ಹೆಸರಿನ ವಿಷಯದಲ್ಲಿ ಒಮ್ಮತವಿಲ್ಲ. ಚಂದನ ಎಂದೊಡನೆ ಶ್ರೀಗಂಧದ ನಾಡಿನವರಾದ ನಮ್ಮ ಮನಸ್ಸು ಗಂಧದ ಕೊರಡಿನ ಕಡೆಗೆ ಓಡುತ್ತದೆ. ಗಂಧದ ವ್ಯಾಪಾರದಿಂದಲೇ ಹೆಸರು ಬಂದಿತೆಂದು ಹೇಳುವವರೂ ಇದ್ದಾರೆ. ಇಲ್ಲಿ ನದಿಯು ಅರ್ಧಚಂದ್ರಾಕಾರವಾಗಿ ಬಾಗುವುದರಿಂದ ಅದು ಚಂದ್ರನಗರ ಎಂಬುದು ಇನ್ನು ಕೆಲವರ ಮತ. ಚಂಡೀದೇವಿಯ ಹೆಸರಿನಿಂದ ಬಂದಿತೆಂಬುದು ಮೂರನೆಯ ಮಾತು. ದಡದಲ್ಲಿ ನಿಂತು ಆ ಬಾಗನ್ನು ನೋಡಿದ ನನಗೆ ಎರಡನೆಯದೇ ಹೆಚ್ಚು ಒಪ್ಪಿತವಾಯಿತು. ಸುತ್ತಲಿನ ಬಂಗಾಳಿಗಳು ಮಾತ್ರ ಈ ಯಾವ ಜಿಜ್ಞಾಸೆಗೂ ಹೋಗದೆ ಊರನ್ನು ‘ಫರಾಸ್‌ಡಾಂಗಾ’ ಎಂದು ಕರೆದರು. ಡಾಂಗಾ ಎಂದರೆ ಎತ್ತರದ ನೆಲ. ಫರಾಸ್ ಎಂದರೆ ಫ್ರೆಂಚರವನು. ಫರಾಸ್‌ಡಾಂಗಾದ ನೇಕಾರರು ನೆಯ್ದ ಧೋತರವೆಂದರೆ ಬಂಗಾಳದ ರಸಿಕರಿಗೆ ಬಹುಕಾಲ ಅಚ್ಚುಮೆಚ್ಚಾಗಿತ್ತು.

ಮೊದಲ ನಲವತ್ತು ವರ್ಷಗಳಲ್ಲಿ ಊರು ಅಷ್ಟೇನೂ ಏಳಿಗೆಯಾಗಲಿಲ್ಲ. 1731ರಲ್ಲಿ ಡೂಪ್ಲೆ ಇಲ್ಲಿನ ಅಧಿಕಾರಿಯಾಗಿ ಬಂದ. ಮುಂದೆ ಪುದುಚೇರಿಯ ಗವರ್ನರನಾಗಿ, ಕರ್ನಾಟಿಕ್ ಯುದ್ಧಗಳಲ್ಲಿ ಕ್ಲೈವನ ಎದುರಾಳಿಯಾಗಿ ನಾವು ಕಾಣುವ ಡೂಪ್ಲೆ ಇವನೇ. ಚಂದನನಗರದಲ್ಲಿದ್ದ ಹತ್ತು ವರ್ಷ ಅವನು ಸೇನಾನಿಯಲ್ಲ, ಪೂರ್ತಿಯಾಗಿ ವ್ಯಾಪಾರಿ. ಕಂಪನಿಯ ಹಡಗುಗಳಲ್ಲದೆ ತನ್ನ ಸ್ವಂತ ಹಡಗುಗಳನ್ನೂ ದೂರದ ರೇವುಗಳಿಗೆ ಕಳುಹಿಸಿ ಹಣ ಮಾಡಿದ. ಅವನ ಕಾಲದಲ್ಲಿ ಊರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇಟ್ಟಿಗೆಯ ಮನೆಗಳು ಎದ್ದುವೆಂದು ಹೇಳುತ್ತಾರೆ. ಆ ದಿನಗಳಲ್ಲಿ ಕಲ್ಕತ್ತಕ್ಕೂ ಚಂದನನಗರಕ್ಕೂ ಸ್ಪರ್ಧೆ ಇತ್ತು ಎಂದರೆ ಇಂದು ನಂಬುವುದು ಕಷ್ಟ. ಈ ಸಿರಿಯ ಇನ್ನೊಂದು ಮುಖವನ್ನೂ ಮರೆಯಬಾರದು. ಹೂಗ್ಲಿಯ ದಡದಿಂದ ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪಗಳಿಗೆ ಹೋಗುತ್ತಿದ್ದ ಸರಕಿನಲ್ಲಿ ಗುಲಾಮರಾಗಿ ಮಾರಾಟವಾದ ಮನುಷ್ಯರೂ ಇದ್ದರು.

ಫ್ರೆಂಚ್ ಕಂಪನಿಯ ದಿವಾನನಾಗಿದ್ದ ಇಂದ್ರನಾರಾಯಣ ಚೌಧುರಿ ಎಂಬ ಶ್ರೀಮಂತನು ಆ ಕಾಲದ ಊರಿನಲ್ಲಿ ದೊಡ್ಡ ವ್ಯಕ್ತಿ. ಅವನು 1740ರಲ್ಲಿ ಕಟ್ಟಿಸಿದ ನಂದದುಲಾಲ ದೇವಾಲಯ ಇಂದಿಗೂ ಇದೆ. ಅದರ ಛಾವಣಿ ಬಂಗಾಳದ ಹುಲ್ಲುಮನೆಯ ಮಾಡಿನಂತೆ ಎರಡು ಕಡೆಗೂ ಬಾಗಿ ಇಳಿಯುತ್ತದೆ. ಬಂಗಾಳಿಯ ಹೆಸರಾಂತ ಕವಿ ಭಾರತಚಂದ್ರ ರಾಯನು ಕಷ್ಟದಲ್ಲಿದ್ದಾಗ ಅವನಿಗೆ ಆಶ್ರಯವಿತ್ತು, ನದಿಯಾದ ಮಹಾರಾಜ ಕೃಷ್ಣಚಂದ್ರನಿಗೆ ಪರಿಚಯಿಸಿದವನೂ ಇಂದ್ರನಾರಾಯಣನೇ.

ಈ ವೈಭವ ಕೊನೆಗೊಂಡದ್ದು 1757ರ ಮಾರ್ಚ್ ತಿಂಗಳಲ್ಲಿ. ಹಿಂದಿನ ವರ್ಷ ನವಾಬ ಸಿರಾಜುದ್ದೌಲನು ಕಲ್ಕತ್ತವನ್ನು ಹಿಡಿದಿದ್ದ. ಕ್ಲೈವ್ ಮತ್ತು ಅಡ್ಮಿರಲ್ ವಾಟ್ಸನ್ ಬಂದು ಅದನ್ನು ಬಿಡಿಸಿಕೊಂಡಿದ್ದರು. ಅಷ್ಟರಲ್ಲಿ ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಆರಂಭವಾದ ಸುದ್ದಿ ಬಂದಿತು. ನವಾಬನೂ ಫ್ರೆಂಚರೂ ಒಂದುಗೂಡಿದರೆ ತಮಗೆ ಉಳಿಗಾಲವಿಲ್ಲವೆಂದು ಇಂಗ್ಲಿಷರು ಲೆಕ್ಕ ಹಾಕಿದರು. ಆದ್ದರಿಂದ ನವಾಬನ ಮೇಲೆ ಬೀಳುವ ಮುಂಚೆ ಫ್ರೆಂಚರನ್ನು ಮುಗಿಸಬೇಕಾಗಿತ್ತು. ನವಾಬನ ಮನಸ್ಸು ಒಂದು ದಿನ ಹೀಗೆ, ಒಂದು ದಿನ ಹಾಗೆ. ಹೂಗ್ಲಿಯಲ್ಲಿದ್ದ ಅವನ ಫೌಜುದಾರ ನಂದಕುಮಾರನು ಫ್ರೆಂಚರ ನೆರವಿಗೆ ಹೋಗಬಹುದಾಗಿತ್ತು. ಇಂಗ್ಲಿಷರ ಆಮಿಷಕ್ಕೆ ಒಳಗಾಗಿ ಸುಮ್ಮನೆ ದಾರಿ ಬಿಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ.

ಕೋಟೆಯಲ್ಲಿದ್ದ ಫ್ರೆಂಚ್ ಮುಖ್ಯಾಧಿಕಾರಿ ರೆನೋ. ಅವನ ಬಳಿ ಇದ್ದ ಯೂರೋಪಿನ ಸಿಪಾಯಿಗಳ ಸಂಖ್ಯೆ ಕೆಲವೇ ನೂರು. ನೆಲದ ಕಡೆಯಿಂದ ಬಂದ ಕ್ಲೈವನನ್ನು ಅವರು ಒಂದು ವಾರಕ್ಕಿಂತ ಹೆಚ್ಚು ಕಾಲ ತಡೆದು ನಿಲ್ಲಿಸಿದರು. ನದಿಯ ಕಡೆಯಿಂದ ಯುದ್ಧನೌಕೆಗಳು ಬಾರದಂತೆ ರೆನೋ ಒಂದು ಉಪಾಯ ಮಾಡಿದ್ದ: ಕೆಲವು ಹಡಗುಗಳನ್ನು ನದಿಯ ಪಾತ್ರಕ್ಕೆ ಅಡ್ಡಲಾಗಿ ಮುಳುಗಿಸಿಬಿಟ್ಟಿದ್ದ. ಆದರೆ ಅಡ್ಡಗಟ್ಟು ಪೂರ್ಣವಾಗಿರಲಿಲ್ಲ. ವಾಟ್ಸನನ ಜನ ಸಣ್ಣ ದೋಣಿಗಳಲ್ಲಿ ಹೋಗಿ ನೀರಿನ ಆಳವನ್ನು ಅಳೆದು, ಮುಳುಗಿದ ಹಡಗುಗಳ ನಡುವೆ ತಮ್ಮ ನೌಕೆಗಳು ಹಾಯುವಷ್ಟು ಸಂದಿ ಇರುವುದನ್ನು ಕಂಡುಕೊಂಡರು. ಮಾರ್ಚ್ 23ರ ಬೆಳಗ್ಗೆ ಉಬ್ಬರ ಏರುತ್ತಿದ್ದಂತೆ ‘ಟೈಗರ್’ ಮತ್ತು ‘ಕೆಂಟ್’ ಎಂಬ ಎರಡು ಹಡಗುಗಳು ಬಂದು ಕೋಟೆಯ ಗೋಡೆಗೆ ಎದುರಾಗಿ ನಿಂತವು. ಯಾವ ಉಬ್ಬರ ನೂರು ವರ್ಷಗಳಿಂದ ಈ ದಡಕ್ಕೆ ಸಂಪತ್ತನ್ನು ತಂದಿತ್ತೋ ಅದೇ ಉಬ್ಬರ ಆ ದಿನ ಫಿರಂಗಿಗಳನ್ನೂ ತಂದಿತು. ಸುಮಾರು ಮೂರು ಗಂಟೆಗಳ ಕಾಲ ಎರಡು ಕಡೆಯಿಂದಲೂ ಗುಂಡು ಹಾರಿತು. ಗೋಡೆಗಳು ಕುಸಿದವು, ಫ್ರೆಂಚರು ಬಿಳಿಯ ಬಾವುಟ ಏರಿಸಿದರು. ಗೆದ್ದವರ ಪಾಡೂ ಸುಖವಾಗಿರಲಿಲ್ಲ. ‘ಕೆಂಟ್’ ಹಡಗಿನ ಕಪ್ತಾನ ಸ್ಪೀಕ್ ಎಂಬುವನೂ, ಅದೇ ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಹದಿಹರೆಯದ ಮಗನೂ ಒಂದೇ ಗುಂಡಿನ ಪೆಟ್ಟಿಗೆ ಸಿಕ್ಕಿದರು. ತಂದೆ ಬದುಕಿದ; ಮಗ ಕೆಲವು ದಿನ ನರಳಿ ಕಲ್ಕತ್ತದಲ್ಲಿ ತೀರಿಕೊಂಡ.

ಇಂಗ್ಲಿಷರು ಕೋಟೆಯನ್ನು ನೆಲಸಮ ಮಾಡಿದರು. ಊರಿನ ಒಳ್ಳೆಯ ಮನೆಗಳಲ್ಲಿ ಬಹುಪಾಲು ಹಾಳಾದವು. ನವಾಬನಿಗೆ ನೆರವಾಗಬಲ್ಲವರು ಇನ್ನಾರೂ ಉಳಿಯಲಿಲ್ಲ. ಪ್ಲಾಸಿಯ ಬಯಲಿನಲ್ಲಿ ಬೆರಳೆಣಿಕೆಯಷ್ಟು ಫ್ರೆಂಚ್ ಫಿರಂಗಿಗಾರರು ಮಾತ್ರ ಅವನ ಪಕ್ಷದಲ್ಲಿ ಕೊನೆಯವರೆಗೆ ನಿಂತು ಹೋರಾಡಿದರು.

ಆಮೇಲಿನ ಅರುವತ್ತು ವರ್ಷ ಊರು ಚೆಂಡಿನಂತೆ ಕೈಯಿಂದ ಕೈಗೆ ಹೋಯಿತು. 1763ರ ಪ್ಯಾರಿಸ್ ಒಪ್ಪಂದದಂತೆ ಇಂಗ್ಲಿಷರು ಅದನ್ನು ಫ್ರೆಂಚರಿಗೆ ಮರಳಿಸಲು ಒಪ್ಪಿದರು. ಆದರೆ ಬಂಗಾಳದಲ್ಲಿ ಕೋಟೆ ಕಟ್ಟಬಾರದು, ಸೈನ್ಯ ಇಡಬಾರದು ಎಂಬ ಷರತ್ತು ಹಾಕಿದರು. 1778ರಲ್ಲಿ ಮತ್ತೆ ಯುದ್ಧ, ಮತ್ತೆ ವಶ. ಈ ಯುದ್ಧದ ಬಿಸಿ ನಮ್ಮ ನಾಡಿಗೂ ತಟ್ಟಿತು. ಅದೇ ವರ್ಷ ಪುದುಚೇರಿ, ಮರುವರ್ಷ ಮಾಹೆ ಇಂಗ್ಲಿಷರ ಕೈಸೇರಿದವು. ಮಾಹೆಯ ರೇವಿನ ಮೂಲಕ ಮೈಸೂರಿಗೆ ಯುದ್ಧಸಾಮಗ್ರಿ ಬರುತ್ತಿತ್ತು. ಅದು ತನ್ನ ರಕ್ಷಣೆಯಲ್ಲಿದೆ ಎಂದು ಹೈದರಾಲಿ ಸಾರಿದ್ದ. ಅವನು ಕೆರಳಿ 1780ರಲ್ಲಿ ಇಂಗ್ಲಿಷರ ಮೇಲೆ ದಂಡೆತ್ತಿ ಹೋಗಲು ಇದೂ ಒಂದು ಕಾರಣವಾಯಿತು. ಚಂದನನಗರ 1783ರ ಒಪ್ಪಂದದಿಂದ ಹಿಂದಕ್ಕೆ ಬಂದಿತು. ಫ್ರಾನ್ಸಿನ ಮಹಾಕ್ರಾಂತಿಯ ಬಳಿಕ ನಡೆದ ಯುದ್ಧಗಳಲ್ಲಿ ಮತ್ತೆ ಕೈಬಿಟ್ಟಿತು. ಕೊನೆಯದಾಗಿ ಮರಳಿದ್ದು 1816ರಲ್ಲಿ.

ಮರಳಿ ಬಂದ ಊರು ಹಳೆಯ ಊರಾಗಿರಲಿಲ್ಲ. ಕೋಟೆಯಿಲ್ಲ, ದಂಡಿಲ್ಲ. ನದಿಯಲ್ಲಿ ಹೂಳು ತುಂಬುತ್ತಿತ್ತು. ಹಡಗುಗಳು ದೊಡ್ಡವಾದಂತೆ ಅವು ಕಲ್ಕತ್ತವನ್ನು ದಾಟಿ ಮೇಲೆ ಬರುವುದು ಕಡಿಮೆಯಾಯಿತು. ಸುತ್ತಲಿನ ನಾಡೆಲ್ಲ ಇಂಗ್ಲಿಷರ ಸುಂಕದ ಕಟ್ಟೆಗಳಿಂದ ತುಂಬಿತ್ತು. ಉಪ್ಪು ಮತ್ತು ಅಫೀಮಿನ ವಿಷಯದಲ್ಲಿ ಒಂದು ವಿಚಿತ್ರ ಏರ್ಪಾಡು ನಡೆಯಿತು. ಫ್ರೆಂಚರು ಆ ವ್ಯಾಪಾರಗಳಲ್ಲಿ ಕೈಹಾಕದಿರುವುದಕ್ಕೆ ಬದಲಾಗಿ 1815ರ ಒಪ್ಪಂದದಂತೆ ಇಂಗ್ಲಿಷರು ಅವರಿಗೆ ಪ್ರತಿವರ್ಷ ನಾಲ್ಕು ಲಕ್ಷ ರೂಪಾಯಿಯನ್ನೂ 300 ಪೆಟ್ಟಿಗೆ ಅಫೀಮನ್ನೂ ಕೊಡುವುದೆಂದಾಯಿತು. ಒಂದು ಕಾಲದ ರೇವುಪಟ್ಟಣ ಈಗ ವ್ಯಾಪಾರ ಮಾಡದೆ ಇರುವುದಕ್ಕೆ ಹಣ ಪಡೆಯುವ ಸ್ಥಿತಿಗೆ ಬಂದಿತು! ಇಡೀ ಫ್ರೆಂಚ್ ನೆಲದ ವಿಸ್ತಾರ ಮೂರು ನಾಲ್ಕು ಚದರ ಮೈಲಿ ಅಷ್ಟೆ. ರೈಲು ಬಂದಾಗ ನಿಲ್ದಾಣ ಕೂಡ ಗಡಿಯ ಆಚೆಗೆ ಇಂಗ್ಲಿಷರ ನೆಲದಲ್ಲಿ ಕಟ್ಟಲ್ಪಟ್ಟಿತು. ನೆರೆಯ ಚಿಂಚುರವನ್ನು ಡಚ್ಚರು 1825ರಲ್ಲಿ ಬಿಟ್ಟುಕೊಟ್ಟರು. ಶ್ರೀರಾಮಪುರವನ್ನು ಡೆನ್ಮಾರ್ಕಿನವರು 1845ರಲ್ಲಿ ಮಾರಿಯೇ ಬಿಟ್ಟರು. ಹೂಗ್ಲಿಯ ದಡದಲ್ಲಿ ಉಳಿದ ಪರದೇಶದ ಬಾವುಟ ಫ್ರೆಂಚರದೊಂದೇ.

ರೇವು ಸತ್ತರೂ ಊರು ಚೆಂದವಾಗಿ ಉಳಿಯಿತು. ನದಿಯ ಉದ್ದಕ್ಕೂ ‘ಸ್ಟ್ರ್ಯಾಂಡ್’ ಎಂಬ ಅಗಲವಾದ ರಸ್ತೆ, ಅದರ ಅಂಚಿಗೆ ಮರಗಳ ಸಾಲು, ದೀಪದ ಕಂಬಗಳು, ಕುಳಿತುಕೊಳ್ಳಲು ಕಲ್ಲುಬೆಂಚುಗಳು. 1884ರಲ್ಲಿ ಎರಡು ಗೋಪುರಗಳ ಇಗರ್ಜಿ ಸಿದ್ಧವಾಯಿತು. ತರುಣ ರವೀಂದ್ರನಾಥ ಠಾಕೂರರು ತಮ್ಮ ಅಣ್ಣ ಜ್ಯೋತಿರಿಂದ್ರನಾಥರೊಡನೆ ಇಲ್ಲಿನ ನದೀತೀರದ ಮೊರಾನ್ ಸಾಹೇಬರ ತೋಟದ ಮನೆಯಲ್ಲಿ ಕೆಲವು ಕಾಲ ಇದ್ದರು. ಆ ದಿನಗಳನ್ನು ತಮ್ಮ ನೆನಪುಗಳ ಪುಸ್ತಕದಲ್ಲಿ ಪ್ರೀತಿಯಿಂದ ಸ್ಮರಿಸಿದ್ದಾರೆ. ಹೀಗೆಯೇ ಇದ್ದಿದ್ದರೆ ಚಂದನನಗರ ವಿಶ್ರಾಂತಿಗೆ ಯೋಗ್ಯವಾದ ಒಂದು ಸುಂದರ ಊರೆಂದಷ್ಟೇ ಹೇಳಿ ಈ ಪಾಠವನ್ನು ಮುಗಿಸಬಹುದಾಗಿತ್ತು.

ಆದರೆ ಊರಿಗೆ ಒಂದು ಗಡಿ ಇತ್ತು. ಅದು ಎತ್ತರದ ಗೋಡೆಯಲ್ಲ. ಕೆಲವೆಡೆ ಕಂದಕ, ಕೆಲವೆಡೆ ರಸ್ತೆ, ಇನ್ನೊಂದೆಡೆ ನದಿ. ಹಸು ಮೇಯಿಸುವ ಹುಡುಗ ದಿನಕ್ಕೆ ನಾಲ್ಕು ಸಲ ದಾಟುವಂಥ ಗೆರೆ. ಅದರ ಈಚೆಗೆ ಇಂಗ್ಲಿಷರ ಕಾನೂನು, ಆಚೆಗೆ ಫ್ರೆಂಚರ ಕಾನೂನು. ಕಲ್ಕತ್ತದ ಪೋಲೀಸನು ಆ ಗೆರೆಯನ್ನು ದಾಟಿ ಯಾರನ್ನೂ ಹಿಡಿಯುವಂತಿರಲಿಲ್ಲ. ಇಂಗ್ಲಿಷರು ಜಾರಿ ಮಾಡಿದ್ದ ಆಯುಧಗಳ ಕಾನೂನು ಅಲ್ಲಿಗೆ ಮುಟ್ಟುತ್ತಿರಲಿಲ್ಲ. 1905ರಲ್ಲಿ ಕರ್ಜನನು ಬಂಗಾಳವನ್ನು ಎರಡಾಗಿ ಸೀಳಿದಾಗ ಎದ್ದ ಕಿಚ್ಚಿನಲ್ಲಿ ತರುಣರು ಗುಪ್ತಸಂಘಗಳನ್ನು ಕಟ್ಟಿದರು. ಅವರಿಗೆ ಅಡಗುವ ಮನೆ ಬೇಕಾಗಿತ್ತು, ಪಿಸ್ತೂಲು ಬೇಕಾಗಿತ್ತು. ಎರಡೂ ರೈಲಿನಲ್ಲಿ ಒಂದು ಗಂಟೆಯ ದೂರದಲ್ಲಿ ದೊರೆತವು. ಎರಡು ಶತಮಾನಗಳ ಹಿಂದೆ ವರ್ತಕರು ಎಳೆದ ಗೆರೆ ಈಗ ದೇಶಭಕ್ತರಿಗೆ ಆಸರೆಯಾಯಿತು. ಇದನ್ನು ತಡೆಯಲು ಊರಿನ ಫ್ರೆಂಚ್ ಮೇಯರನಾಗಿದ್ದ ತಾರ್ದಿವೆಲ್ ಎಂಬುವನು ಆಯುಧಗಳ ಆಮದಿಗೆ ನಿರ್ಬಂಧ ಹಾಕಿದ; 1908ರ ಏಪ್ರಿಲಿನಲ್ಲಿ ಕ್ರಾಂತಿಕಾರಿಗಳು ಅವನ ಮನೆಗೇ ಬಾಂಬ್ ಎಸೆದರು. ಅವನು ಬದುಕಿ ಉಳಿದ.

ಊರಿನಲ್ಲಿ ಡೂಪ್ಲೆಯ ಹೆಸರಿನ ಒಂದು ವಿದ್ಯಾಸಂಸ್ಥೆ ಇತ್ತು. ಅಲ್ಲಿ ಅಧ್ಯಾಪಕರಾಗಿದ್ದ ಚಾರುಚಂದ್ರ ರಾಯರು ಪಾಠದ ಜೊತೆಗೆ ದೇಶದ ಸ್ಥಿತಿಯನ್ನೂ ಹುಡುಗರಿಗೆ ತಿಳಿಯಹೇಳುತ್ತಿದ್ದರು. ಮುಂದೆ ಜಪಾನಿಗೆ ಹೋಗಿ ನೆಲೆಸಿದ ಕ್ರಾಂತಿವೀರ ರಾಸಬಿಹಾರಿ ಬೋಸರು ಬೆಳೆದದ್ದು ಈ ಊರಿನಲ್ಲಿ, ಓದಿದ್ದು ಈ ಸಂಸ್ಥೆಯಲ್ಲಿ. ಕನಾಯಿಲಾಲ್ ದತ್ತನೂ ಇಲ್ಲಿನ ವಿದ್ಯಾರ್ಥಿಯೇ.

ಕನಾಯಿ ಹುಟ್ಟಿದ್ದು 1888ರಲ್ಲಿ, ಚಂದನನಗರದಲ್ಲಿಯೇ. ಓದು ಮುಗಿಸಿ 1908ರಲ್ಲಿ ಕಲ್ಕತ್ತಕ್ಕೆ ಹೋಗಿ ಕ್ರಾಂತಿಕಾರಿಗಳನ್ನು ಸೇರಿದ. ಗಡಿಯ ಆಚೆಗೆ ಹೋದವನಿಗೆ ರಕ್ಷಣೆ ಇಲ್ಲವಷ್ಟೆ. ಅದೇ ವರ್ಷ ಮೇ ತಿಂಗಳಲ್ಲಿ ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದ ಘೋಷ್ ಮೊದಲಾದವರೊಡನೆ ಅವನೂ ಸೆರೆಯಾದ. ಬಂಧಿತರಲ್ಲಿ ಒಬ್ಬನಾದ ಶ್ರೀರಾಮಪುರದ ನರೇಂದ್ರನಾಥ ಗೋಸ್ವಾಮಿ ಸರ್ಕಾರದ ಪಕ್ಷಕ್ಕೆ ತಿರುಗಿ ಸಾಕ್ಷಿ ನುಡಿಯಲು ಒಪ್ಪಿಕೊಂಡ. ಅವನ ಮಾತಿನಿಂದ ಎಷ್ಟೋ ಜನರಿಗೆ ಉರುಳು ಬೀಳುವುದು ಖಚಿತವಾಗಿತ್ತು. ಆಗಸ್ಟ್ 31ರಂದು ಸೆರೆಮನೆಯ ಆಸ್ಪತ್ರೆಯ ಆವರಣದಲ್ಲಿ ಕನಾಯಿಲಾಲನೂ ಸತ್ಯೇಂದ್ರನಾಥ ಬೋಸನೂ ಗುಟ್ಟಾಗಿ ತರಿಸಿಕೊಂಡಿದ್ದ ಪಿಸ್ತೂಲುಗಳಿಂದ ಅವನನ್ನು ಕೊಂದರು. ತೀರ್ಪಿನ ಮೇಲೆ ಮನವಿ ಸಲ್ಲಿಸಲು ಕನಾಯಿ ಒಪ್ಪಲಿಲ್ಲ. ನವೆಂಬರ್ 10ರಂದು ಅವನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ ಇಪ್ಪತ್ತು ವರ್ಷ. ಕಾಳೀಘಾಟಿನಲ್ಲಿ ನಡೆದ ಅಂತ್ಯಕ್ರಿಯೆಗೆ ಸೇರಿದ ಜನಸ್ತೋಮವನ್ನು ಕಂಡು ಸರ್ಕಾರ ಬೆದರಿತು. ಚಂದನನಗರದ ಡೂಪ್ಲೆ ಸಂಸ್ಥೆಯ ಕಾಲೇಜು ವಿಭಾಗವೂ 1908ರಲ್ಲಿ ಮುಚ್ಚಿತು. ಮತ್ತೆ ತೆರೆದದ್ದು 1931ರಲ್ಲಿ. ಒಬ್ಬ ಸಹಚರನನ್ನು ಕೊಂದ ಕೃತ್ಯವನ್ನು ಇಂದು ಓದುವವರು ಬೇರೆ ಬೇರೆ ರೀತಿಯಲ್ಲಿ ತೂಗಿ ನೋಡಬಹುದು. ನಾಲ್ಕು ದಶಕ ಇಂಥ ವಯಸ್ಸಿನ ಹುಡುಗರ ನಡುವೆ ಕಳೆದ ನನಗೆ ಆ ಇಪ್ಪತ್ತು ವರ್ಷ ಎಂಬ ಮಾತನ್ನು ದಾಟಿ ಮುಂದೆ ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಆ ಮೊಕದ್ದಮೆಯಿಂದ ಬಿಡುಗಡೆಯಾದ ಅರವಿಂದರ ಬೆನ್ನನ್ನು ಪೋಲೀಸರು ಬಿಡಲಿಲ್ಲ. 1910ರ ಫೆಬ್ರುವರಿಯಲ್ಲಿ ಮತ್ತೆ ಬಂಧನವಾಗಲಿದೆಯೆಂಬ ಸುಳಿವು ದೊರೆತ ರಾತ್ರಿಯೇ ಅವರು ಕಲ್ಕತ್ತದ ಘಾಟಿನಿಂದ ದೋಣಿ ಹತ್ತಿದರು. ಬೆಳಗಿನ ಜಾವ ದೋಣಿ ಚಂದನನಗರವನ್ನು ಮುಟ್ಟಿತು. ಚಾರುಚಂದ್ರ ರಾಯರು ಅವರನ್ನು ಇಟ್ಟುಕೊಳ್ಳಲು ಹಿಂಜರಿದರು. ಮೋತಿಲಾಲ್ ರಾಯ್ ಎಂಬ ತರುಣರು ಮುಂದೆ ಬಂದು ತಮ್ಮ ಮನೆಗೆ ಕರೆದೊಯ್ದು ಬಚ್ಚಿಟ್ಟರು. ಸುಮಾರು ಒಂದೂವರೆ ತಿಂಗಳು ಅರವಿಂದರು ಆ ಊರಿನಲ್ಲಿ ಗುಪ್ತವಾಗಿದ್ದು, ಮತ್ತೆ ಕಲ್ಕತ್ತದ ಮೂಲಕವೇ ಹಡಗು ಹತ್ತಿ ಏಪ್ರಿಲ್ 4ರಂದು ಪುದುಚೇರಿಯನ್ನು ಸೇರಿದರು. ಒಂದು ಫ್ರೆಂಚ್ ಊರಿನಿಂದ ಇನ್ನೊಂದು ಫ್ರೆಂಚ್ ಊರಿಗೆ ಅವರನ್ನು ಕೊಂಡೊಯ್ದ ಆ ಹಡಗಿನ ಹೆಸರು ‘ಡೂಪ್ಲೆ’.

ಗಡಿ ಎಲ್ಲರನ್ನೂ ಕಾಪಾಡಲಿಲ್ಲ. 1930ರ ಏಪ್ರಿಲ್ 18ರಂದು ಚಿತ್ತಗಾಂಗಿನ ಶಸ್ತ್ರಾಗಾರದ ಮೇಲೆ ದಾಳಿ ನಡೆಸಿದ ತರುಣರಲ್ಲಿ ಗಣೇಶ ಘೋಷ್, ಲೋಕನಾಥ ಬಲ್, ಜೀವನ ಘೋಷಾಲ್ ಮೊದಲಾದವರು ತಪ್ಪಿಸಿಕೊಂಡು ಇಲ್ಲಿಗೆ ಬಂದರು. ಅವರಿಗೆ ಮನೆ ಒದಗಿಸಲು ಸುಹಾಸಿನಿ ಗಂಗೂಲಿ ಎಂಬ ತರುಣಿ ಊರಿನ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಸೇರಿ, ಶಶಧರ ಆಚಾರ್ಯ ಎಂಬ ಸಹಕ್ರಾಂತಿಕಾರಿಯ ಪತ್ನಿಯಂತೆ ನಟಿಸುತ್ತ ಸಂಸಾರ ಹೂಡಿದ್ದರು. ನೆರೆಹೊರೆಯವರಿಗೆ ಅದು ಸಾಧಾರಣ ಗೃಹಸ್ಥರ ಮನೆ. ಸೆಪ್ಟೆಂಬರ್ 1ರ ರಾತ್ರಿ ಕಲ್ಕತ್ತದ ಪೋಲೀಸ್ ಮುಖ್ಯಸ್ಥ ಟೆಗಾರ್ಟನು ತನ್ನ ಪಡೆಯೊಡನೆ ಗಡಿ ದಾಟಿ ಬಂದು ಮನೆಯನ್ನು ಮುತ್ತಿದ. ಗುಂಡಿನ ಕಾಳಗದಲ್ಲಿ ಜೀವನ ಘೋಷಾಲ್ ಮಡಿದರು, ಉಳಿದವರು ಸೆರೆಯಾದರು.

ಇದಾದ ಏಳು ವರ್ಷಕ್ಕೆ, 1937ರಲ್ಲಿ, ಊರಿನ ಗಡಿಯಲ್ಲಿ ಹೆದ್ದಾರಿಗೆ ಒಂದು ದ್ವಾರ ಕಟ್ಟಿದರು. ಪ್ಯಾರಿಸಿನ ಬಾಸ್ತಿಲ್ ಸೆರೆಮನೆ ಉರುಳಿದ ದಿನದ ಸ್ಮಾರಕ ಅದು. ಸ್ವಾತಂತ್ರ್ಯ, ಸಮಾನತೆ, ಸೋದರತೆ ಎಂಬ ಮೂರು ಮಾತುಗಳನ್ನು ಅದರ ಮೇಲೆ ಫ್ರೆಂಚ್ ಭಾಷೆಯಲ್ಲಿ ಕೆತ್ತಲಾಯಿತು. ಫ್ರೆಂಚ್ ಪ್ರಜೆಗಳಿಗೆ ಮತದಾನದ ಹಕ್ಕು, ಪುರಸಭೆ ಎಲ್ಲವೂ ಇದ್ದವು, ನಿಜ. ಆದರೂ ಊರಿನ ಅಧಿಕಾರಿ ಪುದುಚೇರಿಯ ಗವರ್ನರನ ಕೈಕೆಳಗಿನವನು. ಆ ಗವರ್ನರನು ಪ್ಯಾರಿಸಿನ ಮಾತು ಕೇಳುವವನು. ಆ ಮೂರು ಶಬ್ದಗಳನ್ನು ದಿನವೂ ಓದುತ್ತ ಹೋಗಿಬರುತ್ತಿದ್ದ ಜನ ಅವುಗಳ ಅರ್ಥವನ್ನು ತಮಗೂ ಅನ್ವಯಿಸಿಕೊಂಡರೆ ಆಶ್ಚರ್ಯವೇನು?

1947ರ ಆಗಸ್ಟ್ 15ರಂದು ಸುತ್ತಲಿನ ನಾಡೆಲ್ಲ ಸ್ವತಂತ್ರವಾಯಿತು. ಮೂರು ಚದರ ಮೈಲಿ ಮಾತ್ರ ಆಗಲಿಲ್ಲ. ಊರಿನಲ್ಲಿ ಚಳವಳಿ ಎದ್ದಿತು. ಫ್ರೆಂಚರು ಅದೇ ನವೆಂಬರಿನಲ್ಲಿ ಚಂದನನಗರಕ್ಕೆ ಸ್ವತಂತ್ರ ನಗರದ ಅಂತಸ್ತು ಕೊಟ್ಟು ಸಮಾಧಾನಪಡಿಸಲು ನೋಡಿದರು. 1948ರಲ್ಲಿ ಎರಡು ಸರ್ಕಾರಗಳೂ ಜನರ ಅಭಿಪ್ರಾಯವನ್ನೇ ಕೇಳುವುದೆಂದು ಒಪ್ಪಿದವು. 1949ರ ಜೂನ್ 19ರಂದು ಮತದಾನವಾಯಿತು. ಭಾರತವನ್ನು ಸೇರಬೇಕೆಂದವರು ಏಳು ಸಾವಿರಕ್ಕೂ ಹೆಚ್ಚು ಜನ. ಫ್ರಾನ್ಸಿನೊಡನೆಯೇ ಇರಬೇಕೆಂದವರು 114 ಮಂದಿ. ಫ್ರೆಂಚ್ ಭಾರತದ ನೆಲೆಗಳಲ್ಲಿ ಹೀಗೆ ಜನರ ಮತ ಪಡೆದು ತೀರ್ಮಾನಿಸಿದ್ದು ಈ ಊರೊಂದರ ವಿಷಯದಲ್ಲಿ ಮಾತ್ರ. 1950ರ ಮೇ 2ರಂದು ಆಡಳಿತ ಭಾರತಕ್ಕೆ ಬಂದಿತು. 1951ರ ಫೆಬ್ರುವರಿಯಲ್ಲಿ ಪ್ಯಾರಿಸಿನಲ್ಲಿ ಸಹಿಯಾದ ಒಪ್ಪಂದ 1952ರ ಜೂನ್ 9ರಂದು ಜಾರಿಯಾಗಿ, ಕಾನೂನಿನ ಪ್ರಕಾರವೂ ಊರು ಭಾರತದ್ದಾಯಿತು. ಪುದುಚೇರಿ ಮೊದಲಾದ ಉಳಿದ ನಾಲ್ಕು ನೆಲೆಗಳು ಸೇರಿ ಮುಂದೆ ಒಂದು ಕೇಂದ್ರಾಡಳಿತ ಪ್ರದೇಶವಾದವು; ಚಂದನನಗರ 1954ರ ಅಕ್ಟೋಬರ್ 2ರಂದು ಪಶ್ಚಿಮ ಬಂಗಾಳದಲ್ಲಿ ವಿಲೀನವಾಯಿತು.

ನಾನು ಈ ಊರನ್ನು ನೋಡಲು ಹೋದದ್ದು ಕೆಲಸದಿಂದ ನಿವೃತ್ತನಾದ ಮೇಲೆ. ಹಾವಡಾ ನಿಲ್ದಾಣದಲ್ಲಿ ರೈಲು ಹತ್ತಿದವನು ಒಂದು ಗಂಟೆಯೊಳಗೆ ಅಲ್ಲಿದ್ದೆ. ಸ್ಟ್ರ್ಯಾಂಡ್ ರಸ್ತೆಯಲ್ಲಿ ಡೂಪ್ಲೆಯ ಹೆಸರಿನೊಡನೆ ಕೂಡಿಬಂದ ಹಳೆಯ ಬಂಗಲೆಯಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಅದರ ಮುಂದೆ ನದಿಗೆ ಇಳಿಯುವ ಘಾಟಿನಲ್ಲಿ ದುರ್ಗಾಚರಣ ರಕ್ಷಿತರ ನೆನಪಿನ ಮಂಟಪ. ಫ್ರೆಂಚ್ ಸರ್ಕಾರದ ‘ಲೆಜಿಯೋಂ ದೊನರ್’ ಗೌರವವನ್ನು ಪಡೆದ ಚಂದನನಗರದ ಮಹನೀಯರು ಅವರು. ಊರಿನ ಮಿಠಾಯಿ ಅಂಗಡಿಯಲ್ಲಿ ‘ಜಲಭರಾ ಸಂದೇಶ’ ಎಂಬ ಸಿಹಿಯನ್ನು ಕೊಟ್ಟರು. ಕಚ್ಚಿದೊಡನೆ ಒಳಗಿದ್ದ ಪನ್ನೀರು ಚಿಮ್ಮಿ ನನ್ನ ಅಂಗಿಯ ಮೇಲೆ ಬಿದ್ದಿತು. ಹೊಸ ಅಳಿಯನನ್ನು ಹೀಗೆ ಬೇಸ್ತು ಬೀಳಿಸಬೇಕೆಂದು ಜಮೀನುದಾರರ ಮನೆಯವರು ಕೇಳಿಕೊಂಡಾಗ ಸೂರ್ಯಕುಮಾರ ಮೋದಕ್ ಎಂಬ ಮಿಠಾಯಿಗಾರನು ಇದನ್ನು ಮೊದಲು ಮಾಡಿದನಂತೆ. ದುರ್ಗಾಪೂಜೆಯಾದ ಒಂದು ತಿಂಗಳಿಗೆ ಇಲ್ಲಿ ಜಗದ್ಧಾತ್ರಿಯ ಉತ್ಸವ ನಡೆಯುತ್ತದೆ. ಅದಕ್ಕಾಗಿ ಬಣ್ಣದ ಪುಟ್ಟ ದೀಪಗಳನ್ನು ಜೋಡಿಸಿ ಓಡುವ ಕುದುರೆ, ಹಾರುವ ಹಕ್ಕಿಗಳನ್ನು ಮೂಡಿಸುವ ಕಲೆ ಊರಿನಲ್ಲಿ ಹುಟ್ಟಿ ಬೆಳೆದು, ಈಗ ಸಾವಿರಾರು ಜನರಿಗೆ ಅನ್ನ ಕೊಡುತ್ತಿದೆ.

ಡೂಪ್ಲೆಯ ಹೆಸರಿನ ಶಾಲೆ ಈಗ ಕನಾಯಿಲಾಲ್ ವಿದ್ಯಾಮಂದಿರ. ಪಾಠ ಬಿಡುವ ಹೊತ್ತಿಗೆ ಮಕ್ಕಳು ಚೀಲ ಹೊತ್ತು ಗುಂಪುಗುಂಪಾಗಿ ಹೊರಬರುತ್ತಿದ್ದರು. ಸಂಜೆ ಹಿಂದಿರುಗುವಾಗ ಹೆದ್ದಾರಿಯ ದ್ವಾರದ ಬಳಿ ರಿಕ್ಷಾ ನಿಲ್ಲಿಸಿ ನೋಡಿದೆ. ಫ್ರೆಂಚ್ ಅಕ್ಷರಗಳು ಇನ್ನೂ ಇವೆ. ಅವುಗಳ ಕೆಳಗೆ ಲಾರಿ, ಬಸ್ಸು, ಸೈಕಲ್ಲು, ತರಕಾರಿಯ ಗಾಡಿಗಳು ಎರಡು ಕಡೆಗೂ ಹಾಯ್ದು ಹೋಗುತ್ತಿದ್ದವು. ಗಡಿ ಎಲ್ಲಿತ್ತು ಎಂದು ರಿಕ್ಷಾದವನನ್ನು ಕೇಳಿದೆ. ಅವನು ಒಮ್ಮೆ ಹಿಂದಕ್ಕೂ ಒಮ್ಮೆ ಮುಂದಕ್ಕೂ ನೋಡಿ, ಇಲ್ಲಿಯೇ ಎಲ್ಲಿಯೋ ಇರಬೇಕು ಎಂದ.